ಮುಳವಾಡ ಸೀಮೆಯ ಬಿಳಿಜೋಳ: ಪ್ರೋಟೀನಿನ ರಚನೆ ಮತ್ತು ರೊಟ್ಟಿಯ ಪೌಷ್ಟಿಕತೆ

ಮುಳವಾಡ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಸೀಮೆಯ ಯರಿ ಹೊಲಗಳ ಹಿಂಗಾರಿ ಬೆಳೆ ಬಿಳಿಜೋಳ. ಅದರಲ್ಲೂ ಮಾಲದಂಡಿ, ಅಂದರೆ ಎಂ 35-1. ಜೋಳದ ತೂಕದಲ್ಲಿ ಶೇ. 10ರಷ್ಟು ಪ್ರೋಟೀನು ಇರುತ್ತದೆ. ಈ ಒಂದೇ ಅಂಕಿಯನ್ನು ನೆಚ್ಚಿ ರೊಟ್ಟಿಯ ಪೌಷ್ಟಿಕತೆ ಅಳೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಆ ಪ್ರೋಟೀನು ಯಾವ ಅಮೈನೊ ಆಮ್ಲಗಳಿಂದ ಕಟ್ಟಿಕೊಂಡಿದೆ, ಹೇಗೆ ಮಡಚಿಕೊಂಡಿದೆ ಎಂಬುದನ್ನೂ ಕೇಳಬೇಕು.

ಪ್ರೋಟೀನೆಂದರೆ 20 ಬಗೆಯ ಅಮೈನೊ ಆಮ್ಲಗಳು ಪೆಪ್ಟೈಡ್ ಬಂಧದಿಂದ ಕೂಡಿದ ಸರಪಳಿ. ಅದು ಯಾವ ಕೋನಗಳಲ್ಲಿ ತಿರುಗಬಲ್ಲದು ಎಂಬುದನ್ನು 1963ರಲ್ಲಿ ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದವರೂ ಅವರೇ.

ಜೋಳದ ಮುಖ್ಯ ಪ್ರೋಟೀನು ಕಾಫಿರಿನ್. ಲ್ಯೂಸಿನ್, ಪ್ರೋಲಿನ್, ಅಲನಿನ್‌ಗಳು ತುಂಬಿರುವ ಇದಕ್ಕೆ ನೀರು ಒಗ್ಗದು. ಕಾಳಿನೊಳಗೆ ಸೂಕ್ಷ್ಮ ಗುಂಡುಗಳಾಗಿ ಅಡಗಿರುತ್ತದೆ. ತಣ್ಣೀರಿನಲ್ಲಿ ಕಲಸಿದ ಹಿಟ್ಟಿಗೆ ಜಿಗಿ ಬಾರದಿರುವುದಕ್ಕೆ ಇದು ಕಾರಣ: ಗೋಧಿಯ ಗ್ಲುಟೆನ್ ಕಟ್ಟುವ ಜಾಲವನ್ನು ಕಾಫಿರಿನ್ ಕಟ್ಟಲಾರದು. ಅದಕ್ಕೇ ನಮ್ಮ ಹೆಂಗಸರು ಹಿಟ್ಟಿನ ನಡುವೆ ಗುಣಿ ಮಾಡಿ ಕುದಿಯುವ ಎಸರು ಹೊಯ್ದು, ಬಿಸಿ ಆರುವ ಮೊದಲೇ ನಾದುತ್ತಾರೆ. ಬೆಂದ ಪಿಷ್ಟವೇ ಅಂಟಾಗಿ, ಬಡಿಯುವಾಗ ರೊಟ್ಟಿಯ ಅಂಚು ಸೀಳದಂತೆ ಹಿಡಿಯುತ್ತದೆ.

ಬೇಯಿಸುವುದಕ್ಕೆ ಇನ್ನೊಂದು ಮುಖವಿದೆ. ಗುಂಡಿನ ಒಳಗೆ ಆಲ್ಫಾ ಕಾಫಿರಿನ್, ಹೊರಪದರದಲ್ಲಿ ಬೀಟಾ ಮತ್ತು ಗಾಮಾ. ಹೊರಪದರದವುಗಳಲ್ಲಿ ಸಿಸ್ಟೀನ್ ಹೆಚ್ಚು. ನೀರಿನಲ್ಲಿ ಬೇಯುವಾಗ ಅದರ ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ಜಠರದ ಪೆಪ್ಸಿನ್ ಒಳಗಿನ ಆಲ್ಫಾವನ್ನು ಸುಲಭವಾಗಿ ಮುಟ್ಟಲಾರದು. ಬೆಂದ ಮೇಲೆ ಜೋಳದ ಪ್ರೋಟೀನು ಜೀರ್ಣವಾಗುವ ಪ್ರಮಾಣ ಇಳಿಯುತ್ತದೆಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ತೋರಿಸಿದರು.

ಲೈಸಿನ್ ಎಂಬ ಅಮೈನೊ ಆಮ್ಲದ ಕೊರತೆ ಇದಕ್ಕಿಂತ ದೊಡ್ಡದು. ಜೋಳದ 100 ಗ್ರಾಂ ಪ್ರೋಟೀನಿನಲ್ಲಿ ಲೈಸಿನ್ ಸುಮಾರು 2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವಯಸ್ಕರಿಗೆ ಇಟ್ಟ ಅಳತೆ 4.5 ಗ್ರಾಂ. ತೊಗರಿ, ಕಡಲೆಗಳಲ್ಲಿ 6ರಿಂದ 7 ಗ್ರಾಂ ಇರುವುದರಿಂದ ಬ್ಯಾಳಿ, ಜುಣಕ ಈ ಕೊರತೆಯನ್ನು ತುಂಬುತ್ತವೆ. ಶೇಂಗಾ ಚಟ್ನಿಯನ್ನು ಅವುಗಳ ಸಾಲಿಗೆ ಸೇರಿಸುವುದು ತಪ್ಪು. ಶೇಂಗಾ ತಾನೇ ಲೈಸಿನ್‌ನಲ್ಲಿ ಬಡವಾದದ್ದು. ಬ್ಯಾಳಿ ತುಟ್ಟಿಯಾದ ವರ್ಷ ರೊಟ್ಟಿ-ಚಟ್ನಿಯಲ್ಲೇ ದಿನ ನೂಕುವ ಕೂಲಿಯವರ ಮಕ್ಕಳಿಗೆ ಹೊಟ್ಟೆ ತುಂಬಿಯೂ ಬೆಳವಣಿಗೆಗೆ ಬೇಕಾದದ್ದು ಸಾಲದು.

ಜೋಳವನ್ನೇ ನೆಚ್ಚಿದ ಬಡವರಲ್ಲಿ ಕಂಡ ಪೆಲಾಗ್ರಾ ಎಂಬ ರೋಗಕ್ಕೆ ಲ್ಯೂಸಿನ್‌ನ ಅತಿಯೇ ಕಾರಣವಿರಬಹುದೆಂದು ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ವಾದಿಸಿದರು. ಲ್ಯೂಸಿನ್ ಒಂದನ್ನೇ ಹೊಣೆ ಮಾಡುವುದನ್ನು ನಂತರದವರು ಪ್ರಶ್ನಿಸಿದ್ದಾರೆ. ಆದರೂ ಬಡವರ ತಾಟನ್ನು ಅಮೈನೊ ಆಮ್ಲಗಳ ಲೆಕ್ಕದಲ್ಲಿ ನೋಡಿದ ಆ ಕೆಲಸದ ಬೆಲೆ ಕುಂದಿಲ್ಲ.

ತಳಿಯಲ್ಲೇ ಪರಿಹಾರ ಹುಡುಕಿದವರಿದ್ದಾರೆ. ಇಥಿಯೋಪಿಯದ ಜೋಳದಲ್ಲಿ ಲೈಸಿನ್ ಹೆಚ್ಚಿರುವ ಕಾಳುಗಳನ್ನು ಸಿಂಗ್ ಮತ್ತು ಆಕ್ಸ್‌ಟೆಲ್ 1973ರಲ್ಲಿ ವರದಿ ಮಾಡಿದರು. ಆ ಗುಣದ ಜೊತೆಗೆ ಕಾಳು ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಮುತ್ತಿನಂಥ ಗಟ್ಟಿ ಕಾಳನ್ನೇ ನೋಡಿ ಮಾಲದಂಡಿಗೆ ದರ ಕಟ್ಟುವ ನಮ್ಮ ಪೇಟೆಯಲ್ಲಿ ಅಂಥ ಜೋಳ ನಿಲ್ಲುವುದು ಕಷ್ಟ. ಗಟ್ಟಿತನ ಕೆಡದಂತೆ ಕಾಫಿರಿನ್ ತಗ್ಗಿಸಿ ಲೈಸಿನ್ ಹೆಚ್ಚಿಸುವ ದಾರಿಯನ್ನೇ ಈ ಸೀಮೆಯ ತಳಿ ಸಂಶೋಧಕರು ಹುಡುಕಬೇಕಾಗಿದೆ.