ತಂತಿಯಿಂದ ವಾಟ್ಸ್‌ಆ್ಯಪ್‌ವರೆಗೆ ಹೃದಯದ ಸುದ್ದಿ
ಸುಂಟಿಕೊಪ್ಪದ ಕಾಫಿ ತೋಟಗಳಲ್ಲಿ ಯಾರಿಗಾದರೂ ಎದೆನೋವು ಬಂದರೆ ದೊಡ್ಡ ಹೃದ್ರೋಗ ಆಸ್ಪತ್ರೆ ದೂರದ ಮೈಸೂರಿನಲ್ಲಿ, ಇಲ್ಲವೇ ಘಟ್ಟದ ಕೆಳಗೆ ಮಂಗಳೂರಿನಲ್ಲಿ. ರೋಗಿಗಿಂತ ಮೊದಲೇ ಅವನ ಹೃದಯದ ಸುದ್ದಿ ಅಲ್ಲಿಗೆ ತಲುಪಿದರೆ?

ಈ ಯೋಚನೆ ಹಳೆಯದು. ಹಾಲೆಂಡಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ 1905ರಲ್ಲೇ ಆಸ್ಪತ್ರೆಯ ರೋಗಿಗಳ ಇಸಿಜಿಯನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿ.ಮೀ. ದೂರದ ಪ್ರಯೋಗಶಾಲೆಗೆ ತರಿಸಿದ್ದರು.

2018ರಲ್ಲಿ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅಲ್ಲಿನ ವೈದ್ಯರನ್ನು ವಾಟ್ಸ್‌ಆ್ಯಪ್‌ನಲ್ಲಿ ತಜ್ಞರೊಂದಿಗೆ ಜೋಡಿಸಿದರು. ತಂತಿಯ ಕೆಲಸವನ್ನು ಮೊಬೈಲ್ ವಹಿಸಿಕೊಂಡಿತು. 2023ರಲ್ಲಿ ಸರ್ಕಾರ ಪ್ರಕಟಿಸಿದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ದಾರಿಯೂ ಇದೇ: ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಚುಚ್ಚುಮದ್ದು ಅಲ್ಲೇ ಸಿಗುತ್ತದೆ.

ಆದರೆ ‘ಬರೀ ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಮನೆಯಲ್ಲೇ ಕುಳಿತವನ ಸುದ್ದಿಯನ್ನು ಯಾವ ಆ್ಯಪೂ ಒಯ್ಯಲಾರದು.