ಕ್ಯಾಸೆಟ್ಟಿನ ತುದಿಗಿದ್ದ ಭೂಪ

ಎಂಬತ್ತರ ದಶಕದಲ್ಲಿ ಖಾನಾಪುರದ ನಮ್ಮ ಮನೆಗೆ ಹಾಡು ಬರಬೇಕಾದರೆ ಬೆಳಗಾವಿಯಿಂದಲೇ ಬರಬೇಕಿತ್ತು. ಖಡೇಬಜಾರಿನ ಕೆಲಸ ಮುಗಿಸಿ, ಕ್ಯಾಸೆಟ್ ತುಂಬಿಕೊಡುವ ಅಂಗಡಿಯೊಂದರ ಮುಂದೆ ಚೀಟಿ ಹಿಡಿದು ನಿಲ್ಲುತ್ತಿದ್ದೆ. ಖಾಲಿ ಕ್ಯಾಸೆಟ್ಟಿನ ಬೆಲೆ ಬೇರೆ, ಹಾಡು ತುಂಬುವ ಕೂಲಿ ಬೇರೆ. ಒಂದು ಮಗ್ಗುಲಿಗೆ ಅರ್ಧ ಗಂಟೆ. ನಮ್ಮ ಹಾಡು ಮುಗಿದು ಟೇಪು ಉಳಿದರೆ ಅಂಗಡಿಯವರು ತಮ್ಮ ಮನಸ್ಸಿಗೆ ಬಂದದ್ದನ್ನು ಸೇರಿಸಿ ತುಂಬಿಸುತ್ತಿದ್ದರು.

ಹೀಗೆ ಒಮ್ಮೆ ಭಜನೆಗಳ ಕ್ಯಾಸೆಟ್ಟಿನ ಕೊನೆಗೆ ಐದು ನಿಮಿಷದ ವಿಚಿತ್ರ ವಾದ್ಯವೊಂದು ಸೇರಿಕೊಂಡು ಬಂತು. ಕೆಳಗೆ ಒಂದೇ ಸಮನೆ ಯಂತ್ರದ ತಾಳ, ಮೇಲೆ ಜಾರುತ್ತಾ ಏರುವ ಸ್ವರ. ಒಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ‘ಚರಣಜಿತ್, ಭೂಪಾಲಿ’ ಎಂದು ಬರೆದಿತ್ತು.

ನಮ್ಮ ಮನೆಯವರು, “ಇದೇನು ಗಿರಣಿ ಸಪ್ಪಳ, ಬಂದ್ ಮಾಡು” ಎಂದರು. ಅತ್ತೆಯವರು ಮಾತ್ರ ಮೆಂತ್ಯೆಸೊಪ್ಪು ಸೋಸುವುದನ್ನು ನಿಲ್ಲಿಸಿ ಪೂರಾ ಕೇಳಿದರು. “ಸಪ್ಪಳ ಅಲ್ಲವಾ, ಭೂಪ ಅದ. ಮ ಇಲ್ಲ, ನಿ ಇಲ್ಲ. ಒಂದು ಸ್ವರಾನೂ ತಪ್ಪಿಲ್ಲ ನೋಡು” ಎಂದರು. ಮದುವೆಗೆ ಮುಂಚೆ ಒಂದು ವರ್ಷ ಪೇಟಿ ಕಲಿತವರು ಅವರು. ಮದುವೆಯ ಮೇಲೆ ಪೇಟಿ ಮುಟ್ಟಲು ಯಾರೂ ಬಿಟ್ಟಿರಲಿಲ್ಲ. “ನಮ್ಮ ಸುಳೇಭಾವಿ ಹುಡುಗ ಪ್ಲೇಟ್ ಕೇಳೇ ಹಾಡ್ಲಿಕ್ಕೆ ಹತ್ತಿದ್ನಲ್ಲ, ಆವಾಗೂ ಜನ ಯಂತ್ರಕ್ಕ ನಕ್ಕಿರಬೇಕು” ಎಂದೂ ಸೇರಿಸಿದರು.

ಆ ಹುಡುಗನೆಂದರೆ ಕುಮಾರ ಗಂಧರ್ವರು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ, ದೊಡ್ಡ ಗಾಯಕರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ, ಕೇಳಿದ್ದನ್ನು ಹಾಗೆಯೇ ಹಾಡಿ ಬಾಲಕನಾಗಿಯೇ ಹೆಸರು ಮಾಡಿದವರು. ಮುಂದೆ ಘರಾಣೆಯ ಗೆರೆ ದಾಟಿ ತಮ್ಮದೇ ದಾರಿ ಹಿಡಿದಾಗ ಅವರನ್ನು ಹೊಗಳಿದವರಷ್ಟೇ ಆಕ್ಷೇಪಿಸಿದವರೂ ಇದ್ದರು.

ಮನೆಯಲ್ಲಿ ನಗೆಯಾಡುತ್ತಾರೆಂದು ನಾನು ಮುಂದಿನ ಸಲ ಅದೇ ಕ್ಯಾಸೆಟ್ ಒಯ್ದು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡು ಬಂದೆ. ಅತ್ತೆಯವರು ಒಂದು ಮಾತೂ ಆಡಲಿಲ್ಲ.

ಆ ವಾದ್ಯದ ಕಥೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಮಗನಿಂದ. ಚರಣಜಿತ್ ಸಿಂಗ್ ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರು, ಕೀಬೋರ್ಡು ನುಡಿಸುತ್ತಿದ್ದವರು. ಡಿಸ್ಕೋ ಅಲೆ ಎದ್ದಿದ್ದ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ತಟ್ಟೆ ಧ್ವನಿಮುದ್ರಿಸಿದರು. ಎಚ್‌.ಎಂ.ವಿ. ಅದನ್ನು ಹೊರತಂದಿತು. ಅವರ ಮುಂದಿದ್ದದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ತಾಳಕ್ಕೆ ಟಿಆರ್-808, ಮಂದ್ರ ಸ್ವರಗಳಿಗೆ ಟಿಬಿ-303, ರಾಗಕ್ಕೆ ಜುಪಿಟರ್-8. ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಸೌಕರ್ಯವಿತ್ತು. ನಮ್ಮವರು ಮೀಂಡ್ ಎನ್ನುವುದಕ್ಕೆ ಅದು ಹತ್ತಿರ. ಅತ್ತೆಯವರ ಕಿವಿ ಹಿಡಿದದ್ದು ಅದನ್ನೇ ಇರಬೇಕು.

ತಟ್ಟೆ ಮಾರಾಟವಾಗಲಿಲ್ಲ. ಡಿಸ್ಕೋ ಬೇಕಾದವರಿಗೆ ಹಾಡಿರಲಿಲ್ಲ, ರಾಗ ಬೇಕಾದವರಿಗೆ ಆಲಾಪದ ಬಿಡುವಿರಲಿಲ್ಲ. ಆ ಜಪಾನಿ ಯಂತ್ರವೂ ಮಾರುಕಟ್ಟೆಯಲ್ಲಿ ಸೋತು ಬೇಗ ನಿಂತುಹೋಯಿತು. ಮುಂದೆ ಅದನ್ನೇ ಅಗ್ಗಕ್ಕೆ ಕೊಂಡ ಅಮೆರಿಕದ ಶಿಕಾಗೊ ನಗರದ ಹುಡುಗರು ಹೊಸ ಬಗೆಯ ಕುಣಿತದ ಸಂಗೀತ ಕಟ್ಟಿದರು. 1987ರಲ್ಲಿ ಬಂದ ಅವರ ತಟ್ಟೆಯಿಂದ ‘ಆ್ಯಸಿಡ್ ಹೌಸ್’ ಎಂಬ ಪ್ರಕಾರಕ್ಕೇ ಹೆಸರು ಬಂತು. ಪರರ ತಟ್ಟೆಗಳನ್ನು ಆಯ್ದು, ನಡುವೆ ತೆರಪಿಲ್ಲದೆ ಪೋಣಿಸುವ ಡಿಜೆಗಳೂ ಕಲಾವಿದರೆನಿಸಿಕೊಂಡರು. 1996ರಲ್ಲಿ ವಿಯೆನ್ನಾದ ಕ್ರೂಡರ್ ಮತ್ತು ಡಾರ್ಫ್‌ಮೈಸ್ಟರ್ ವಿಲಂಬಿತ ನಡೆಯ ಇಂಥದೊಂದು ಪೋಣಿಕೆಯನ್ನೇ ಆಲ್ಬಮ್ ಆಗಿ ಹೊರತಂದರು. ಬೆಳಗಾವಿಯ ಅಂಗಡಿಯವರೂ ತಮ್ಮ ಮಟ್ಟಿಗೆ ಆ ಕೆಲಸವನ್ನೇ ಮಾಡಿದ್ದರೆಂದು ನನಗೀಗ ಅನ್ನಿಸುತ್ತದೆ.

ಹಳೆಯ ತಟ್ಟೆಗಳನ್ನು ಹುಡುಕುತ್ತಿದ್ದ ಹಾಲೆಂಡಿನ ಎಡೋ ಬೌಮನ್ ಎಂಬವರಿಗೆ ಚರಣಜಿತರ ತಟ್ಟೆ ಸಿಕ್ಕಿ, 2010ರಲ್ಲಿ ಅವರು ಅದನ್ನು ಮರುಮುದ್ರಿಸಿದರು. ಆಗ ನೋಡಿ, ವಿಮರ್ಶಕರು ಬೆರಗಾದರು. ಶಿಕಾಗೊಗಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಇದು ಹೇಗೆ ಹುಟ್ಟಿತು? ಈಚೆಗೆ ಯಾರೋ ಮಾಡಿದ ಕುಚೋದ್ಯವಿರಬೇಕೆಂದು ಶಂಕಿಸಿದವರೂ ಇದ್ದರು. ಇನ್ನು ಕೆಲವರು ಅವರನ್ನು ಆ ಸಂಗೀತದ ಜನಕನೆಂದರು. ನನಗೆ ಈ ಮಾತು ಅತಿಯೆನಿಸುತ್ತದೆ. ಶಿಕಾಗೊದವರು ಇವರನ್ನು ಕೇಳಿ ಕಲಿತವರಲ್ಲ. ಒಂದೇ ಯಂತ್ರದಿಂದ ಎರಡು ಊರಿನವರು ಬೇರೆಬೇರೆಯಾಗಿ ಎರಡು ದಾರಿ ಕಂಡರು, ಅಷ್ಟೆ. ಚರಣಜಿತರಾದರೋ ಇಳಿವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ನುಡಿಸಿ, 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಮೆಚ್ಚುಗೆ ತಡವಾದರೂ ಅವರ ಜೀವಮಾನದಲ್ಲೇ ಬಂತು.

ಅತ್ತೆಯವರಿಗೆ ಆ ಭಾಗ್ಯವಿರಲಿಲ್ಲ. ಮಗ ಆ ಭೂಪಾಲಿಯನ್ನು ಹಾಕಿ, “ಲೋಕವೆಲ್ಲ ಹೊಗಳುತ್ತಿದೆ, ಕೇಳಮ್ಮಾ” ಎಂದಾಗ ಅವರು ಹೋಗಿ ಬಹಳ ಕಾಲವಾಗಿತ್ತು. ಕಲಿತವರು 2010ರಲ್ಲಿ ಬರೆದದ್ದರ ತಿರುಳನ್ನು ಅವರು ಸೊಪ್ಪು ಸೋಸುತ್ತಾ ಹೇಳಿಬಿಟ್ಟಿದ್ದರು. ನಾನು ಅದರ ಮೇಲೆ ಬೇರೆ ಹಾಡು ತುಂಬಿಸಿದ್ದೆ.

ಸಂಗೀತದ ಚರಿತ್ರೆಯಲ್ಲಿ ತಟ್ಟೆಯ ಹೆಸರು ಉಳಿಯುತ್ತದೆ, ಬರೆದವರ ಅಭಿಪ್ರಾಯ ಉಳಿಯುತ್ತದೆ. ಅಡುಗೆಮನೆಯಲ್ಲಿ ಕೇಳಿದವರ ಮಾತು ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ: ಖಾನಾಪುರದ ನಮ್ಮ ಅತ್ತೆಯವರು ಅದನ್ನು ಮೊದಲ ಸಲಕ್ಕೇ ಪೂರಾ ಕೇಳಿ, ಭೂಪ ಎಂದಿದ್ದರು.