ಗುರುವಿಲ್ಲದ ದಿನ

ಹಳೆಯ ಮೈಸೂರಿನ ಕಡೆ, ಗುಂಡ್ಲುಪೇಟೆಯ ಸೀಮೆಯ ಭೀಮನಬೀಡಿನಂಥ ಊರುಗಳಲ್ಲಿ, ಹಿಂದಿನ ಕಾಲದ ಕೂಲಿಮಠಗಳ ಮಾತನ್ನು ಹಿರಿಯರಿಂದ ಕೇಳದವರು ವಿರಳ. ಮರಳಿನ ಮೇಲೆ ಅಕ್ಷರ ತಿದ್ದಿದ ಹುಡುಗನೇ ಕೆಲವು ವರ್ಷಗಳ ಮೇಲೆ ಚಿಕ್ಕವರ ಕೈಹಿಡಿದು ತಿದ್ದಿಸುವನು. ಅಯ್ಯನವರು ಪರವೂರಿಗೆ ಹೋದ ದಿನವೂ ಮಠ ನಡೆಯಿತೆಂದರೆ ಅವರ ಪಾಠ ಫಲಿಸಿತೆಂದು ಅರ್ಥ. ಕನ್ನಡನಾಡಿನ ಕ್ರೈಸ್ತಸಭೆಗಳು ತಮ್ಮ ಉಪದೇಶಿಗಳನ್ನೂ ಸಭಾಪಾಲಕರನ್ನೂ ಸಿದ್ಧಪಡಿಸಿದ ಚರಿತ್ರೆಗೂ ಇದೇ ಒರೆಗಲ್ಲು.

ಆ ಚರಿತ್ರೆಯ ಒಂದು ಮುಖ್ಯ ರಂಗಸ್ಥಳ ಘಟ್ಟದ ಕೆಳಗಿನ ಮಂಗಳೂರು. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಅಲ್ಲಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗರು ಬಂದು ಕೂಡಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಈ ಮಹನೀಯರನ್ನು ಕನ್ನಡಿಗರು ಪತ್ರಿಕಾಕರ್ತರೆಂದು ಬಲ್ಲರು. ಆದರೆ ಅವರ ಮನಸ್ಸು ಬಹುವಾಗಿ ನೆಟ್ಟಿದ್ದುದು ಶಿಷ್ಯರಲ್ಲಿ. ಪರದೇಶದವರು ಎಷ್ಟು ದಿನ ಬೋಧಿಸಿಯಾರು? ಈ ನೆಲದ ಮಕ್ಕಳೇ ಈ ನೆಲದ ನುಡಿಯಲ್ಲಿ ಬೋಧಿಸುವಂತಾಗಬೇಕೆಂಬುದು ಅವರ ಹಂಬಲ.

ಆ ಶಿಷ್ಯರಲ್ಲಿ ಮುಖ್ಯನಾದವನು 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯ. 1844ರ ಜನವರಿಯಲ್ಲಿ ಈ ತರುಣನು ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನೇ ಧರಿಸಿ ಹರ್ಮನ್ ಆನಂದರಾವ್ ಎನಿಸಿದನು. ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆ, ನಂಟು, ಕುಲಗಳನ್ನು ಕಳೆದುಕೊಂಡವನಿಗೆ ಹೊಸ ಸಭೆಯು ಯಾವ ಸ್ಥಾನವನ್ನು ಕೊಡುವುದು? ಎಂದೆಂದಿಗೂ ಸಹಾಯಕನ ಸ್ಥಾನವೊ, ಅಥವಾ ಸಮಾನನ ಸ್ಥಾನವೊ? ಉತ್ತರವು ಬೇಗನೆ ದೊರೆಯಿತು. 1846ರಲ್ಲಿ ಅವರು ಬಾಸೆಲಿಗೆ ಹೋಗಿ, ಐದು ವರ್ಷ ವ್ಯಾಸಂಗಮಾಡಿ, 1851ರಲ್ಲಿ ಅಭಿಷೇಕಹೊಂದಿ ಮಿಷನರಿಯಾಗಿಯೇ ಹಿಂದಿರುಗಿದರು. ಇತ್ತ ಮಂಗಳೂರಿನ ಬಲ್ಮಠದಲ್ಲಿ 1847ರಲ್ಲಿ ಸ್ಥಾಪಿತವಾಗಿದ್ದ ದೈವಜ್ಞಾನಶಾಲೆಯಲ್ಲಿ ಅವರೂ ಅಧ್ಯಾಪಕರಾದರು. ಶಿಷ್ಯನು ಗುರುವಿನ ಪೀಠದ ಪಕ್ಕದಲ್ಲಿ ಕುಳಿತನು.

ಆದರೆ ಕೌಂಡಿನ್ಯರು ಪೀಠಕ್ಕೆ ಅಂಟಿಕೊಂಡವರಲ್ಲ. ಕೊಡಗಿನಲ್ಲಿ, ಅಸ್ಪೃಶ್ಯರೆಂದು ಊರು ದೂರವಿಟ್ಟಿದ್ದ ಜನರಿಗೆ ನೆಲೆಯೊದಗಿಸಲು ಸ್ವಂತ ಹಣವನ್ನು ವೆಚ್ಚಮಾಡಿದರು. ಆ ನೆಲೆಯೇ ಅವರ ಹೆಸರನ್ನು ಹೊತ್ತ ಆನಂದಪುರ. ಶಿಷ್ಯತ್ವವೆಂಬುದು ಗ್ರಂಥಪಾಠದಲ್ಲಿ ಮುಗಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅವರು 1893ರಲ್ಲಿ ತೀರಿಕೊಂಡರು.

ಒಬ್ಬ ಕೌಂಡಿನ್ಯರು ಸಮಾನರಾದರೆಂದ ಮಾತ್ರಕ್ಕೆ ಅಧಿಕಾರವೆಲ್ಲ ಕೈಬದಲಾಯಿಸಲಿಲ್ಲ. ಸಭೆಗಳ ಆಡಳಿತದ ಹಿಡಿತ ಬಹುಕಾಲ ಐರೋಪ್ಯರಲ್ಲಿಯೇ ಉಳಿಯಿತು. ಅಯ್ಯನವರು ಇಲ್ಲದ ದಿನ 1914ರಲ್ಲಿ ಒದಗಿತು. ಮಹಾಯುದ್ಧ ಆರಂಭವಾಗಲು, ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ಅವರ ದೇಶಕ್ಕೆ ಕಳುಹಿಸಿತು. ಬಲ್ಮಠದಂಥ ಶಾಲೆಗಳಲ್ಲಿ ಕಲಿತ ದೇಶೀಯರ ಹೆಗಲಿಗೆ ಆಗ ಭಾರ ಬಿದ್ದಿತು. ದಾನವಾಗಿ ಬರಬೇಕಾಗಿದ್ದ ಹೊಣೆ ಅನಿವಾರ್ಯವಾಗಿ ಬಂದಿತು. ಆದರೂ ಸಭೆಗಳು ಉಳಿದವು. ಹುಡುಗನು ಮಠವನ್ನು ನಡಸಿದನು.

ಆ ತಲೆಮಾರಿನಲ್ಲಿಯೇ ಉತ್ತಂಗಿ ಚೆನ್ನಪ್ಪನವರೂ ಇದ್ದರು. 20ನೆಯ ಶತಮಾನದ ಮೊದಲಲ್ಲಿ ಮಂಗಳೂರಿನಲ್ಲಿ ದೈವಜ್ಞಾನವನ್ನು ಕಲಿತು ಸಭೆಯ ಸೇವೆಗೆ ನಿಂತ ಈ ಪಂಡಿತರು, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ನಾಡಿಗೆ ಒಪ್ಪಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ತಮ್ಮ ಮತವನ್ನು ಬೋಧಿಸುವವನು ನೆರೆಯವನ ಮಾತನ್ನೂ ತಾಳ್ಮೆಯಿಂದ ಕೇಳಬೇಕೆಂಬುದನ್ನು ಅವರು ಬಾಳಿ ತೋರಿಸಿದರು. ಇಂಥ ಶಿಷ್ಯನು ಗುರುವಿನ ಪಡಿಯಚ್ಚಲ್ಲ; ಗುರುವು ಬಿತ್ತಿದ ಬೀಜಕ್ಕೆ ಈ ಮಣ್ಣು ಕೊಟ್ಟ ಫಲ.

ಮುಂದೆ 1947ರಲ್ಲಿ ದಕ್ಷಿಣಭಾರತ ಸಭೆ ರೂಪುಗೊಂಡಿತು. 1965ರಲ್ಲಿ ಬಲ್ಮಠದ ಶಾಲೆಯ ಪರಂಪರೆಯು ಕರ್ನಾಟಕ ಥಿಯಲಾಜಿಕಲ್ ಕಾಲೇಜಾಗಿ ಮುಂದುವರಿಯಿತು. ಕಲಿಸುವವರು ಯಾವ ಮತದವರೇ ಆಗಲಿ, ಅವರ ಮುಂದಿರುವ ಪ್ರಶ್ನೆ ಒಂದೇ: ನಾನಿಲ್ಲದ ದಿನ ಈ ಮಠ ನಡೆಯುವುದೆ? ಆ ದಿನವನ್ನು ಯುದ್ಧವೊ ಸಾವೊ ತರುವುದಕ್ಕೆ ಮುಂಚೆ, ಗುರುವು ತಾನಾಗಿಯೇ ತಂದುಕೊಡುವುದು ಲೇಸು.